ಆನ್‌ಲೈನ್ ಅಂಗಡಿ ನಿಧಾನವಾಗುವುದೇಕೆ? ಶೇರ್ಡ್ ಹೋಸ್ಟಿಂಗ್‌ನಲ್ಲಿ ಕಾರಣ ಹುಡುಕುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ, ಕಾಳುಮೆಣಸುಗಳನ್ನು ಊರಿನಿಂದಲೇ ಕೊರಿಯರ್ ಮೂಲಕ ಕಳುಹಿಸುವ ಮನೆ ಉದ್ಯಮಗಳು ಮಲೆನಾಡಿಗೆ ಈಗ ಹೊಸತೇನಲ್ಲ. ವಾಟ್ಸಾಪ್‌ನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದವರಲ್ಲಿ ಹಲವರು ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮತ್ತು ಅದರ ಮೇಲೆ ಕೂತು ಮಾರಾಟ ನೋಡಿಕೊಳ್ಳುವ ವೂಕಾಮರ್ಸ್ ಎಂಬ ತಂತ್ರಾಂಶಗಳನ್ನು ಬಳಸಿ ಸ್ವಂತ ಅಂಗಡಿ ತೆರೆದಿದ್ದಾರೆ; ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳ ಹೋಸ್ಟಿಂಗ್ ಪ್ಲಾನ್‌ನಲ್ಲಿ ಅದು ನಡೆಯುತ್ತಿರುತ್ತದೆ. ಆರ್ಡರ್ ಕಡಿಮೆಯಿರುವ ತಿಂಗಳುಗಳಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಮಿಡಿಯ ಹಂಗಾಮು ಬಂದು, ಹೊಸ ಉಪ್ಪಿನಕಾಯಿ ಸಿದ್ಧವಾಗಿದೆ ಎಂಬ ಸಂದೇಶ ಹಳೆಯ ಗ್ರಾಹಕರಿಗೆಲ್ಲ ಒಮ್ಮೆಲೇ ತಲುಪಿದ ದಿನ ಮಾತ್ರ ಪುಟ ತೆರೆಯಲು ಹತ್ತು ಸೆಕೆಂಡು ಹಿಡಿಯುತ್ತದೆ, ಹಣ ಪಾವತಿಸುವ ಹಂತದಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ಕೆಲವರಿಗೆ 508 ಎಂಬ ಸಂಖ್ಯೆಯ ದೋಷಸಂದೇಶ ಕಾಣಿಸುತ್ತದೆ.

ಇಂಥ ಹೊತ್ತಿನಲ್ಲಿ ಸಿಗುವ ಸಲಹೆಗಳು ಸಾಮಾನ್ಯವಾಗಿ ಎರಡೇ: ದೊಡ್ಡ ಪ್ಲಾನ್ ತೆಗೆದುಕೊಳ್ಳಿ, ಇಲ್ಲವೇ ಕ್ಯಾಶ್ ಪ್ಲಗಿನ್ (ಒಮ್ಮೆ ಕಟ್ಟಿದ ಪುಟವನ್ನೇ ಮತ್ತೆ ಕೊಡುವ ಸೇರ್ಪಡೆ ತಂತ್ರಾಂಶ) ಹಾಕಿ. ಎರಡೂ ಕೆಲವು ಸಂದರ್ಭಗಳಲ್ಲಿ ಸರಿಯೇ. ಆದರೆ ನಿಧಾನ ಎಂಬುದು ಹಲವು ಬೇರೆ ಬೇರೆ ತೊಂದರೆಗಳ ಒಂದೇ ಲಕ್ಷಣವಾಗಿರುವುದರಿಂದ, ಸಮಯ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಅಳೆಯದೆ ಮಾಡುವ ಖರ್ಚು ಬಹುಪಾಲು ದಂಡವಾಗುತ್ತದೆ. ಆ ಅಳತೆಯನ್ನು ತಂತ್ರಜ್ಞಾನದ ಹಿನ್ನೆಲೆಯಿಲ್ಲದವರೂ ಮಾಡಿಕೊಳ್ಳಬಹುದು.

ಶೇರ್ಡ್ ಹೋಸ್ಟಿಂಗ್ ಎಂದರೆ

ವೆಬ್‌ಸೈಟ್ ಎಂದರೆ ಒಂದಷ್ಟು ಕಡತಗಳು ಮತ್ತು ಒಂದು ಡೇಟಾಬೇಸ್. ಇವನ್ನು ಇಟ್ಟುಕೊಂಡು, ಕೇಳಿದವರಿಗೆ ಪುಟವನ್ನು ಕಳುಹಿಸಿಕೊಡುವ, ಹಗಲಿರುಳೂ ಚಾಲೂ ಇರುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಒಂದೇ ಸರ್ವರ್‌ನಲ್ಲಿ ನೂರಾರು ವೆಬ್‌ಸೈಟುಗಳನ್ನು ಇಟ್ಟು, ಅದರ ಖರ್ಚನ್ನು ಎಲ್ಲರ ಮೇಲೂ ಹಂಚುವ ವ್ಯವಸ್ಥೆಯೇ ಶೇರ್ಡ್ ಹೋಸ್ಟಿಂಗ್. ಬೆಲೆ ಕಡಿಮೆ ಇರುವುದಕ್ಕೆ ಕಾರಣವೂ ಇದೇ.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರನ್ನು ಏಳೆಂಟು ಮನೆಗಳು ಹಂಚಿಕೊಂಡಿರುವ ಕೇರಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿ ಮನೆಗೂ ಅದರದೇ ನಲ್ಲಿ ಇದೆ, ಆದರೆ ಅಬ್ಬಿ ಒಂದೇ. ಬೆಳಿಗ್ಗೆ ಎಲ್ಲರೂ ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ನೀರು ಸಣ್ಣಗಾಗುತ್ತದೆ. ಯಾರಾದರೂ ಒಬ್ಬರು ತೋಟಕ್ಕೂ ಬಿಟ್ಟುಕೊಂಡರೆ ಉಳಿದವರಿಗೆ ಬರುವುದೇ ಇಲ್ಲ. ಈ ತಕರಾರು ಬೇಡವೆಂದು ಪ್ರತಿ ಮನೆಗೂ ಇಂತಿಷ್ಟೇ ದಪ್ಪದ ಪೈಪು ಎಂದು ಗೊತ್ತುಮಾಡಿದರೆ, ಅಬ್ಬಿಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ನಿಮ್ಮ ಮನೆಗೆ ಆ ಪೈಪಿನಷ್ಟೇ ನೀರು. ಹೋಸ್ಟಿಂಗ್ ಸಂಸ್ಥೆಗಳು ಮಾಡುವುದೂ ಇದನ್ನೇ. ಕ್ಲೌಡ್‌ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸಿ ಪ್ರತಿ ಖಾತೆಗೂ ಪ್ರತ್ಯೇಕ ಮಿತಿ ಹಾಕುವುದು ಈ ಕ್ಷೇತ್ರದಲ್ಲಿ ರೂಢಿಯಾಗಿದೆ.

ಮಿತಿಗಳು ಹಲವು ಬಗೆಯವು, ಮತ್ತು ಯಾವ ಮಿತಿ ತಾಗಿತು ಎಂಬುದನ್ನು ಲಕ್ಷಣದಿಂದಲೇ ಸ್ವಲ್ಪಮಟ್ಟಿಗೆ ಗುರುತಿಸಬಹುದು. ಸಿಪಿಯು, ಅಂದರೆ ಲೆಕ್ಕ ಮಾಡುವ ಶಕ್ತಿಯ ಮಿತಿ ತಾಗಿದಾಗ ಸೈಟ್ ನಿಲ್ಲುವುದಿಲ್ಲ, ತೆವಳುತ್ತದೆ. ಡಿಸ್ಕ್‌ನಿಂದ ಓದುವ ಮತ್ತು ಬರೆಯುವ ವೇಗದ ಮಿತಿ ತಾಗಿದಾಗಲೂ ಹೀಗೆಯೇ. ಮೆಮೊರಿಯ ಮಿತಿ ತಾಗಿದರೆ ನಡೆಯುತ್ತಿದ್ದ ಕೆಲಸ ಅರ್ಧಕ್ಕೇ ನಿಂತು 500 ಅಥವಾ 503 ದೋಷ ಬರುತ್ತದೆ. ಇನ್ನೊಂದು 'ಎಂಟ್ರಿ ಪ್ರೊಸೆಸ್' ಮಿತಿ: ಒಂದೇ ಕ್ಷಣದಲ್ಲಿ ನಿಮ್ಮ ಸೈಟಿಗಾಗಿ ಎಷ್ಟು ಪುಟಗಳ ತಯಾರಿ ನಡೆಯಬಹುದು ಎಂಬ ಲೆಕ್ಕ ಅದು. ಅದು ತುಂಬಿದ ಮೇಲೆ ಬಂದವರಿಗೆ ಸಿಗುವುದೇ ಆ 508. ಖಾತೆಯನ್ನು ಬ್ರೌಸರ್‌ನಿಂದಲೇ ನಿರ್ವಹಿಸಲು ಕೊಡುವ ಸಿಪ್ಯಾನೆಲ್ ಎಂಬ ತಂತ್ರಾಂಶ ಇರುವ ಹೋಸ್ಟಿಂಗ್‌ನಲ್ಲಿ 'ರಿಸೋರ್ಸ್ ಯೂಸೇಜ್' ಎಂಬ ಪುಟ ಸಾಮಾನ್ಯವಾಗಿ ಇರುತ್ತದೆ. ಹಿಂದಿನ ಗಂಟೆಗಳಲ್ಲಿ ಯಾವ ಮಿತಿಯನ್ನು ಎಷ್ಟು ಸಲ ತಾಗಿದ್ದೀರಿ ಎಂಬುದು 'ಫಾಲ್ಟ್ಸ್' ಎಂಬ ಹೆಸರಿನಲ್ಲಿ ಅಲ್ಲಿ ದಾಖಲಾಗಿರುತ್ತದೆ. ಅಂಗಡಿ ನಡೆಸುವ ಬಹಳ ಮಂದಿ ಈ ಪುಟವನ್ನು ತೆರೆದೇ ನೋಡಿರುವುದಿಲ್ಲ ಎಂಬುದು ಬೇಸರದ ಸಂಗತಿ, ಏಕೆಂದರೆ ಹುಡುಕಾಟದ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಪುಟವೊಂದು ತೆರೆಯುವಾಗ ನಡೆಯುವುದೇನು

ಬೆಂಗಳೂರಿನ ಗ್ರಾಹಕರೊಬ್ಬರು ನಿಮ್ಮ ಅಂಗಡಿಯ ವಿಳಾಸ ಒತ್ತಿದಾಗ ಅವರ ಫೋನು ಮೊದಲು ಆ ಹೆಸರಿಗೆ ಸೇರಿದ ಸರ್ವರ್ ಎಲ್ಲಿದೆ ಎಂದು ವಿಚಾರಿಸಿಕೊಳ್ಳುತ್ತದೆ, ಆಮೇಲೆ ಆ ಸರ್ವರ್‌ನೊಂದಿಗೆ ಸುರಕ್ಷಿತ ಸಂಪರ್ಕ ಏರ್ಪಡಿಸಿಕೊಳ್ಳುತ್ತದೆ, ನಂತರ ಪುಟವನ್ನು ಕೇಳುತ್ತದೆ. ಸರ್ವರ್‌ನಲ್ಲಿ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ವರ್ಡ್‌ಪ್ರೆಸ್ ಎಚ್ಚೆತ್ತು, ಎಲ್ಲ ಪ್ಲಗಿನ್‌ಗಳನ್ನೂ ತೆರೆದುಕೊಂಡು, ಡೇಟಾಬೇಸಿಗೆ ಹತ್ತಾರು, ಕೆಲವೊಮ್ಮೆ ನೂರಾರು ಪ್ರಶ್ನೆಗಳನ್ನು ಹಾಕಿ, ಸಿಕ್ಕ ಉತ್ತರಗಳಿಂದ ಪುಟವನ್ನು ಕಟ್ಟುತ್ತದೆ. ಆ ಪುಟದ ಮೊದಲ ಅಂಶ ಗ್ರಾಹಕರಿಗೆ ತಲುಪುವವರೆಗಿನ ಅವಧಿಗೆ ಟಿಟಿಎಫ್‌ಬಿ, ಅಂದರೆ ಮೊದಲ ಬೈಟ್ ಬರುವ ಸಮಯ ಎಂದು ಹೆಸರು. ಚಿತ್ರಗಳು, ಅಕ್ಷರವಿನ್ಯಾಸ, ಗುಂಡಿಗಳನ್ನು ಕೆಲಸ ಮಾಡಿಸುವ ಸ್ಕ್ರಿಪ್ಟುಗಳು ಇಳಿಯುವುದು ಅದಾದ ಮೇಲೆ.

ಸರ್ವರ್ ಇರುವ ದೂರವೂ ಲೆಕ್ಕಕ್ಕೆ ಬರುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ ಅಮೆರಿಕದಲ್ಲಿದ್ದರೆ ಒಂದು ಬಾರಿ ಹೋಗಿಬರುವುದಕ್ಕೇ ಸಾಮಾನ್ಯವಾಗಿ 200 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು, ಮತ್ತು ಹೊಸ ಸಂಪರ್ಕವೊಂದಕ್ಕೆ ಇಂಥ ಹೋಗಿಬರುವಿಕೆ ಕನಿಷ್ಠ ಮೂರು ಬಾರಿ ನಡೆಯುತ್ತದೆ. ಮುಂಬೈಯ ಡೇಟಾ ಸೆಂಟರ್‌ನಲ್ಲಿದ್ದರೆ ಅದು ಕೆಲವೇ ಹತ್ತು ಮಿಲಿಸೆಕೆಂಡುಗಳ ಮಾತು. ಗ್ರಾಹಕರೆಲ್ಲ ಭಾರತದಲ್ಲಿಯೇ ಇರುವ ಅಂಗಡಿಯೊಂದು ಅಮೆರಿಕದ ಸರ್ವರ್‌ನಲ್ಲಿ ಇರುವುದಕ್ಕೆ ಯಾವ ಕಾರಣವೂ ಇಲ್ಲ. ಅನೇಕ ಸಂಸ್ಥೆಗಳು ಖಾತೆ ತೆರೆಯುವಾಗಲೇ ಸ್ಥಳವನ್ನು ಆರಿಸಿಕೊಳ್ಳಲು ಬಿಡುತ್ತವೆ.

ಅಳತೆ: ನಿಧಾನ ಯಾರದು?

ಮಳೆಗಾಲದ ಹೊಸನಗರದಲ್ಲಿಯೋ ಆಗುಂಬೆಯಲ್ಲಿಯೋ ಕುಳಿತು, ಒಂದು ಗೆರೆಯ ಮೊಬೈಲ್ ಸಿಗ್ನಲ್‌ನಲ್ಲಿ ಅಂಗಡಿಯನ್ನು ತೆರೆದು ನೋಡಿ ಸೈಟೇ ಕೆಟ್ಟಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಅಂಗಡಿ ನಡೆಸುವವರು ವರ್ಡ್‌ಪ್ರೆಸ್‌ಗೆ ಲಾಗಿನ್ ಆಗಿಯೇ ಇರುವುದರಿಂದ ಇನ್ನೂ ಒಂದು ತಪ್ಪು ಕಲ್ಪನೆ ಹುಟ್ಟುತ್ತದೆ: ಲಾಗಿನ್ ಆದವರಿಗೆ ಕ್ಯಾಶ್ ಮಾಡಿದ ಪುಟ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಮಾಲೀಕರಿಗೆ ಕಾಣುವ ಅಂಗಡಿ ಗ್ರಾಹಕರಿಗೆ ಕಾಣುವುದಕ್ಕಿಂತ ಹೆಚ್ಚಾಗಿ ನಿಧಾನ. ಆದ್ದರಿಂದ ಪರೀಕ್ಷೆಯನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿರುವ ನೆಂಟರ ಫೋನಿನಲ್ಲಿಯೂ ಮಾಡಬೇಕು. ಪುಟದ ವೇಗ ಅಳೆದು ಅಂಕ ಕೊಡುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತನ್ನದೇ ಕಂಪ್ಯೂಟರುಗಳಿಂದ ಪುಟವನ್ನು ತೆರೆಯುವುದರಿಂದ ನಿಮ್ಮ ಊರಿನ ನೆಟ್‌ವರ್ಕ್ ಅದಕ್ಕೆ ಅಡ್ಡಬರುವುದಿಲ್ಲ; ಆದರೆ ಅದು ಖಾಲಿ ಕಾರ್ಟ್ ಹಿಡಿದು ಬಂದ ಗ್ರಾಹಕ ಎಂಬುದನ್ನು ಮರೆಯಬಾರದು. ಮುಖಪುಟಕ್ಕೆ 95 ಅಂಕ ಬಂದಿತೆಂದರೆ ಪಾವತಿಯ ಪುಟವೂ ವೇಗವಾಗಿದೆ ಎಂದು ಅರ್ಥವಲ್ಲ.

ಎಲ್ಲಕ್ಕಿಂತ ಸ್ಪಷ್ಟವಾದ ಉತ್ತರ ಕೊಡುವುದು ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನ ಒಳಗೇ ಇರುವ ಸಾಧನ. ಎಫ್12 ಕೀಲಿ ಒತ್ತಿ, 'ನೆಟ್‌ವರ್ಕ್' ವಿಭಾಗ ತೆರೆದು, ಪುಟವನ್ನು ಮತ್ತೆ ಲೋಡ್ ಮಾಡಿದರೆ ಇಳಿದ ಪ್ರತಿಯೊಂದು ಕಡತವೂ ಒಂದೊಂದು ಸಾಲಾಗಿ ಕಾಣುತ್ತದೆ. ಮೇಲಿನ ಮೊದಲ ಸಾಲು ಪುಟವೇ. ಅದನ್ನು ಒತ್ತಿ 'ಟೈಮಿಂಗ್' ನೋಡಿದಾಗ 'ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್' ಎಂಬ ಹೆಸರಿನ ಹಸಿರು ಪಟ್ಟಿ ಇರುತ್ತದೆ. ಸರ್ವರ್ ಪುಟ ಕಟ್ಟಲು ತೆಗೆದುಕೊಂಡ ಸಮಯದ ಬಹುಭಾಗ ಅದೇ. ಉದಾಹರಣೆಗೆ ಮುಖಪುಟದಲ್ಲಿ ಆ ಪಟ್ಟಿ 0.3 ಸೆಕೆಂಡು ಇದ್ದು, ಇಡೀ ಪುಟ ಮುಗಿಯಲು 7 ಸೆಕೆಂಡು ಹಿಡಿದಿದ್ದರೆ ಸರ್ವರ್ ನಿರಪರಾಧಿ, ಭಾರವಾಗಿರುವುದು ಚಿತ್ರ ಮತ್ತು ಸ್ಕ್ರಿಪ್ಟುಗಳು. ಅದೇ ಅಂಗಡಿಯ ಕಾರ್ಟ್ ಪುಟದಲ್ಲಿ ಪಟ್ಟಿ 4 ಸೆಕೆಂಡು ಇದ್ದರೆ ಚಿತ್ರಗಳನ್ನು ಎಷ್ಟು ಕುಗ್ಗಿಸಿದರೂ ಆ ನಾಲ್ಕು ಸೆಕೆಂಡು ಹಾಗೆಯೇ ಉಳಿಯುತ್ತದೆ. ಗೂಗಲ್ ಕೊಡುವ ಮಾರ್ಗಸೂಚಿಯ ಪ್ರಕಾರ ಮೊದಲ ಬೈಟ್ 0.8 ಸೆಕೆಂಡಿನೊಳಗೆ ಬರಬೇಕು, ಪುಟದ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಮುಖಪುಟ, ಒಂದು ಸರಕಿನ ಪುಟ, ಕಾರ್ಟ್, ಪಾವತಿಯ ಪುಟ ಈ ನಾಲ್ಕನ್ನೂ ಬೆಳಿಗ್ಗೆ ಒಮ್ಮೆ, ಗ್ರಾಹಕರು ಹೆಚ್ಚಿರುವ ರಾತ್ರಿಯ ಹೊತ್ತಿಗೆ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಮುಂದಿನ ದಾರಿ ತಾನಾಗಿ ತೋರುತ್ತದೆ.

ಅಂಗಡಿಯ ವಿಷಯದಲ್ಲಿ ಕ್ಯಾಶ್ ಏಕೆ ಸಾಲದು

ಕ್ಯಾಶ್ ಎಂದರೆ ಒಮ್ಮೆ ಕಟ್ಟಿದ ಪುಟವನ್ನು ತೆಗೆದಿಟ್ಟುಕೊಂಡು, ಮುಂದೆ ಬಂದವರಿಗೆಲ್ಲ ಅದನ್ನೇ ಕೊಡುವುದು. ಸುದ್ದಿ ಅಥವಾ ಲೇಖನಗಳ ಸೈಟಿಗೆ ಇದರಿಂದ ಸಿಗುವ ಲಾಭ ಅಪಾರ. ಸಾವಿರ ಮಂದಿ ಓದಿದರೂ ಪಿಎಚ್‌ಪಿ ಎಚ್ಚರಗೊಳ್ಳುವುದು ಒಂದೇ ಸಲ. ಅಂಗಡಿಯಲ್ಲಿ ಹಾಗಾಗುವುದಿಲ್ಲ. ಒಬ್ಬರ ಕಾರ್ಟಿನಲ್ಲಿರುವ ಎರಡು ಬಾಟಲಿ ಉಪ್ಪಿನಕಾಯಿ ಮತ್ತು ಅವರ ವಿಳಾಸ ಇನ್ನೊಬ್ಬರಿಗೆ ಕಾಣಿಸುವಂತಿಲ್ಲವಾದ್ದರಿಂದ ಕಾರ್ಟ್, ಪಾವತಿ ಮತ್ತು 'ನನ್ನ ಖಾತೆ' ಪುಟಗಳನ್ನು ಕ್ಯಾಶ್ ಮಾಡಲೇಬಾರದು. ಅಷ್ಟೇ ಅಲ್ಲ, ಗ್ರಾಹಕರು ಒಂದು ಸರಕನ್ನು ಕಾರ್ಟಿಗೆ ಹಾಕಿದ ಕೂಡಲೇ ವೂಕಾಮರ್ಸ್ ಅವರ ಬ್ರೌಸರ್‌ನಲ್ಲಿ ಕುಕಿ ಎಂಬ ಸಣ್ಣ ಗುರುತನ್ನು ಇಡುತ್ತದೆ, ಮತ್ತು ಆ ಕುಕಿ ಕಂಡ ಅನೇಕ ಕ್ಯಾಶ್ ವ್ಯವಸ್ಥೆಗಳು ಅಲ್ಲಿಂದ ಮುಂದೆ ಅವರಿಗೆ ಯಾವ ಪುಟವನ್ನೂ ಕ್ಯಾಶ್‌ನಿಂದ ಕೊಡುವುದಿಲ್ಲ. ಅಂದರೆ ಸುಮ್ಮನೆ ನೋಡಿ ಹೋಗುವವರಿಗೆ ಅಂಗಡಿ ಚುರುಕಾಗಿರುತ್ತದೆ, ಕೊಳ್ಳಲು ಮನಸ್ಸು ಮಾಡಿದವರಿಗೆ ನಿಧಾನವಾಗುತ್ತದೆ. ನಷ್ಟ ಆಗುವುದು ಸರಿಯಾಗಿ ಆ ಜಾಗದಲ್ಲಿಯೇ.

ಇದರ ಪರಿಣಾಮವನ್ನು ಸಣ್ಣ ಲೆಕ್ಕವೊಂದರಿಂದ ಕಾಣಬಹುದು. ನಿಮ್ಮ ಎಂಟ್ರಿ ಪ್ರೊಸೆಸ್ ಮಿತಿ 20 ಎಂದಿಟ್ಟುಕೊಳ್ಳೋಣ. ಒಂದು ಪುಟ ಕಟ್ಟಲು 1 ಸೆಕೆಂಡು ಸಾಕಾದರೆ ಸೆಕೆಂಡಿಗೆ 20 ಪುಟಗಳವರೆಗೆ ಕೊಡಬಹುದು. 4 ಸೆಕೆಂಡು ಹಿಡಿದರೆ ಐದೇ ಪುಟ. ಜೊತೆಗೆ ಸಿಪಿಯು ಮಿತಿಯೂ ತಾಗಿದಾಗ ಪ್ರತಿ ಪುಟದ ಸಮಯ ಇನ್ನಷ್ಟು ಉದ್ದವಾಗುತ್ತದೆ, ಉದ್ದವಾದಷ್ಟೂ ಹಳೆಯ ಕೋರಿಕೆಗಳು ಮುಗಿಯದೆ ಜಾಗ ಹಿಡಿದು ಕೂರುತ್ತವೆ, ಕೊನೆಗೆ ಇಪ್ಪತ್ತೂ ತುಂಬಿ ಹೊಸಬರಿಗೆ 508 ಸಿಗುತ್ತದೆ. ಇದುವರೆಗೆ ಚೆನ್ನಾಗಿಯೇ ಇದ್ದ ಅಂಗಡಿ ಸಂದೇಶ ಕಳುಹಿಸಿದ ಹತ್ತು ನಿಮಿಷದಲ್ಲಿ ಏಕಾಏಕಿ ಕುಸಿದಂತೆ ಕಾಣುವುದು ಈ ಸರಪಳಿಯಿಂದ. ಹಾಗೆಂದ ಮೇಲೆ ಮಿತಿಯನ್ನು ಏರಿಸುವುದು ಒಂದು ದಾರಿ, ಪ್ರತಿ ಪುಟಕ್ಕೆ ಬೇಕಾದ ಸಮಯವನ್ನು ಇಳಿಸುವುದು ಇನ್ನೊಂದು. ಎರಡನೆಯದು ಕೈಯಲ್ಲಿಯೇ ಇರುವ ದಾರಿ ಮತ್ತು ಅದಕ್ಕೆ ದುಡ್ಡು ಬೇಕಿಲ್ಲ. ಸಂದೇಶವನ್ನು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಳುಹಿಸುವ ಬದಲು ಊರಿನ ಪ್ರಕಾರ ವಿಂಗಡಿಸಿ ಅರ್ಧರ್ಧ ಗಂಟೆಯ ಅಂತರದಲ್ಲಿ ಕಳುಹಿಸಿದರೂ ಒತ್ತಡ ಗಮನಾರ್ಹವಾಗಿ ತಗ್ಗುತ್ತದೆ.

ಸಮಯ ನುಂಗುವವರು

ಕಾರ್ಟ್ ಮತ್ತು ಪಾವತಿಯ ಪುಟಗಳು ಮಾತ್ರ ನಿಧಾನವಾಗಿದ್ದರೆ ಮೊದಲು ಸಂಶಯಪಡಬೇಕಾದದ್ದು ಹೊರಗಿನ ಸರ್ವರ್‌ಗಳನ್ನು ಕೇಳುವ ಪ್ಲಗಿನ್‌ಗಳನ್ನು. ಗ್ರಾಹಕರ ಪಿನ್‌ಕೋಡ್ ಹಿಡಿದು ಕೊರಿಯರ್ ದರವನ್ನು ಆಗಿಂದಾಗ್ಗೆ ವಿಚಾರಿಸುವ ಪ್ಲಗಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಕೊರಿಯರ್ ಕಂಪನಿಯ ಸರ್ವರ್ ಉತ್ತರ ಕೊಡಲು 3 ಸೆಕೆಂಡು ತೆಗೆದುಕೊಂಡರೆ ನಿಮ್ಮ ಪುಟವೂ ಅಷ್ಟು ಹೊತ್ತು ಕಾಯುತ್ತದೆ, ನಿಮ್ಮ ಇಪ್ಪತ್ತರಲ್ಲಿ ಒಂದು ಜಾಗವೂ ಅಷ್ಟು ಹೊತ್ತು ತುಂಬಿರುತ್ತದೆ. ಸಿಪಿಯು ಗ್ರಾಫ್ ಕೆಳಗಿದ್ದು ಪುಟ ಮಾತ್ರ ತಡವಾಗುತ್ತಿದ್ದರೆ ಇಂಥದೇ ಕಾರಣವಿರುವ ಸಾಧ್ಯತೆ ಹೆಚ್ಚು. ಕರ್ನಾಟಕಕ್ಕೆ ಇಷ್ಟು, ಹೊರ ರಾಜ್ಯಕ್ಕೆ ಇಷ್ಟು ಎಂದು ತೂಕದ ಮೇಲೆ ನಿಗದಿಯಾದ ದರಪಟ್ಟಿ ಹಾಕಿಕೊಂಡರೆ ಆ ಕಾಯುವಿಕೆ ಪೂರ್ತಿ ಇಲ್ಲವಾಗುತ್ತದೆ. ಯಾವ ಪ್ಲಗಿನ್ ಡೇಟಾಬೇಸಿನಲ್ಲಿ ಎಷ್ಟು ಸಮಯ ತಿನ್ನುತ್ತಿದೆ, ಯಾವುದು ಹೊರಗೆ ಕೇಳುತ್ತಿದೆ, ಡೇಟಾಬೇಸಿನ ಯಾವ ಪ್ರಶ್ನೆ ತಡವಾಗಿದೆ ಎಂಬುದನ್ನು 'ಕ್ವೆರಿ ಮಾನಿಟರ್' ಎಂಬ ಉಚಿತ ಪ್ಲಗಿನ್ ಪ್ರತಿ ಪುಟದಲ್ಲಿಯೂ ತೋರಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಬೇಕು.

ಲಾಗಿನ್ ಆದರೂ ಆಗದಿದ್ದರೂ ಎಲ್ಲ ಪುಟಗಳೂ ನಿಧಾನವಾಗಿದ್ದರೆ ಡೇಟಾಬೇಸನ್ನು ನೋಡಬೇಕು. ವರ್ಡ್‌ಪ್ರೆಸ್ ತನ್ನ ಆಯ್ಕೆಗಳನ್ನು ಇಡುವ ಕೋಷ್ಟಕದಲ್ಲಿ 'ಆಟೋಲೋಡ್' ಎಂದು ಗುರುತು ಹಾಕಿದ್ದೆಲ್ಲವೂ ಪ್ರತಿ ಪುಟಕ್ಕೂ ಮೆಮೊರಿಗೆ ಬರುತ್ತದೆ. ಎಂದೋ ಪ್ರಯೋಗಕ್ಕೆ ಹಾಕಿ ತೆಗೆದ ಪ್ಲಗಿನ್‌ಗಳ ಕಸವೂ ಅಲ್ಲಿಯೇ ಉಳಿದಿರುತ್ತದೆ. ವರ್ಡ್‌ಪ್ರೆಸ್ 6.6ರಿಂದ ಈಚೆಗೆ 'ಸೈಟ್ ಹೆಲ್ತ್' ಪುಟವೇ ಇದರ ಗಾತ್ರ ಸುಮಾರು 800 ಕಿಲೋಬೈಟ್ ಮೀರಿದಾಗ ಎಚ್ಚರಿಸುತ್ತದೆ. ಹಳೆಯ ಅಂಗಡಿಗಳಲ್ಲಿ ಆರ್ಡರ್‌ಗಳು ಲೇಖನಗಳ ಕೋಷ್ಟಕದಲ್ಲಿಯೇ ಬೆರೆತು ಕುಳಿತಿರುತ್ತವೆ. 2023ರ ವೂಕಾಮರ್ಸ್ 8.2ರಿಂದ ಹೊಸ ಅಂಗಡಿಗಳಿಗೆ ಆರ್ಡರ್‌ಗಳ ಪ್ರತ್ಯೇಕ ಕೋಷ್ಟಕ ತಾನಾಗಿ ಬರುತ್ತದೆ, ಹಳೆಯವರು ಸೆಟ್ಟಿಂಗ್ಸ್‌ನಲ್ಲಿ ತಾವೇ ಬದಲಾಯಿಸಿಕೊಳ್ಳಬೇಕು. ಬದಲಾಯಿಸುವ ಮುನ್ನ ಪೂರ್ತಿ ಬ್ಯಾಕಪ್ ತೆಗೆದು, ಪಾವತಿ ಮತ್ತು ಕೊರಿಯರ್ ಪ್ಲಗಿನ್‌ಗಳು ಹೊಸ ಪದ್ಧತಿಗೆ ಒಗ್ಗುತ್ತವೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ದಿನದಲ್ಲಿ ಆಗಾಗ ಮಾತ್ರ, ನಿರ್ದಿಷ್ಟ ಕಾರಣವಿಲ್ಲದೆ ನಿಧಾನವಾಗುವುದಾದರೆ ಹಿನ್ನೆಲೆಯ ಕೆಲಸಗಳತ್ತ ಗಮನ ಹರಿಸಬೇಕು. ಇಮೇಲ್ ಕಳುಹಿಸುವುದು, ಬ್ಯಾಕಪ್, ಹಳೆಯ ದಾಖಲೆಗಳ ವಿಲೇವಾರಿ ಮೊದಲಾದವನ್ನು ವರ್ಡ್‌ಪ್ರೆಸ್ ಯಾರಾದರೂ ಪುಟ ತೆರೆದಾಗ ನೆನಪಿಸಿಕೊಂಡು ಆರಂಭಿಸುತ್ತದೆ. ಗ್ರಾಹಕರು ಹೆಚ್ಚಿರುವ ಹೊತ್ತಿಗೇ ಈ ಕೆಲಸಗಳೂ ಸೇರಿಕೊಳ್ಳುವುದು ಹೀಗೆ. ವರ್ಡ್‌ಪ್ರೆಸ್‌ನ ಈ ಪದ್ಧತಿಯನ್ನು ನಿಲ್ಲಿಸಿ, ಸಿಪ್ಯಾನೆಲ್‌ನ 'ಕ್ರಾನ್ ಜಾಬ್ಸ್'ನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅವು ನಡೆಯುವಂತೆ ಮಾಡಬಹುದು. ಬ್ಯಾಕಪನ್ನು ನಸುಕಿನ 3 ಗಂಟೆಗೆ ಹಾಕುವುದು ಉತ್ತಮ.

ಮನುಷ್ಯರಲ್ಲದ ಗ್ರಾಹಕರೂ ಇದ್ದಾರೆ: ತಾವಾಗಿಯೇ ಪುಟಗಳನ್ನು ತೆರೆಯುತ್ತ ಹೋಗುವ ಬಾಟ್ ಎಂಬ ಪ್ರೋಗ್ರಾಮುಗಳು. ಪಾಸ್‌ವರ್ಡ್ ಊಹಿಸುತ್ತ ಲಾಗಿನ್ ಪುಟವನ್ನು ಬಡಿಯುವ ಬಾಟ್‌ಗಳು, 'ಕಾರ್ಟಿಗೆ ಸೇರಿಸಿ' ಎಂಬ ಕೊಂಡಿಯನ್ನೂ ಬಿಡದೆ ಒತ್ತುತ್ತ ಹೋಗುವ ಬಾಟ್‌ಗಳು, ಬೆಲೆ ಮತ್ತು ತೂಕದ ಫಿಲ್ಟರ್‌ಗಳ ಎಲ್ಲ ಜೋಡಣೆಗಳನ್ನೂ ತೆರೆದು ನೋಡುವ ಬಾಟ್‌ಗಳು ನಿಮ್ಮ ಪಾಲಿನ ಸಿಪಿಯು ಖರ್ಚು ಮಾಡುತ್ತವೆ, ಒಂದು ಹಪ್ಪಳವನ್ನೂ ಕೊಳ್ಳುವುದಿಲ್ಲ. ಸಿಪ್ಯಾನೆಲ್‌ನ 'ರಾ ಆಕ್ಸೆಸ್' ದಾಖಲೆಯಲ್ಲಿ ಇವುಗಳ ಹೆಜ್ಜೆಗುರುತು ಸಿಗುತ್ತದೆ. ಎಲ್ಲಿಗೆ ಬರಬಾರದೆಂದು ಬಾಟ್‌ಗಳಿಗೆ ತಿಳಿಸುವ ರೋಬಾಟ್ಸ್ ಕಡತದ ಸೂಚನೆ ಸಭ್ಯ ಬಾಟ್‌ಗಳನ್ನು ತಡೆಯುತ್ತದೆ. ಉಳಿದವುಗಳಿಗೆ ಕ್ಲೌಡ್‌ಫ್ಲೇರ್‌ನಂಥ, ಸರ್ವರ್‌ಗೆ ತಲುಪುವ ಮೊದಲೇ ತಡೆಯುವ ವ್ಯವಸ್ಥೆ ಬೇಕಾಗುತ್ತದೆ.

ಪಿಎಚ್‌ಪಿಯ ಆವೃತ್ತಿಯನ್ನೂ ಒಮ್ಮೆ ನೋಡಬೇಕು. 7.4ಕ್ಕೆ ಅಧಿಕೃತ ಬೆಂಬಲ 2022ರ ನವೆಂಬರ್‌ನಲ್ಲಿಯೇ ಮುಗಿದಿದೆ. 8ರ ಸರಣಿಯ, ಬೆಂಬಲವಿರುವ ಆವೃತ್ತಿಗೆ ಹೋದರೆ ವೇಗ ಮತ್ತು ಸುರಕ್ಷತೆ ಎರಡೂ ಸುಧಾರಿಸುತ್ತವೆ.

ಮೊದಲ ಬೈಟ್ ಬೇಗ ಬಂದೂ ಪುಟ ತಡವಾಗುತ್ತಿದ್ದರೆ ಕಾರಣ ಬಹುತೇಕ ಚಿತ್ರಗಳೇ. ಫೋನಿನಲ್ಲಿ ತೆಗೆದ ಉಪ್ಪಿನಕಾಯಿ ಬಾಟಲಿಯ ಫೋಟೊ 4,000 ಪಿಕ್ಸೆಲ್ ಅಗಲ, ನಾಲ್ಕೈದು ಮೆಗಾಬೈಟ್ ಭಾರ ಇರುತ್ತದೆ. ಪುಟದಲ್ಲಿ ಅದಕ್ಕೆ ಸಿಗುವ ಜಾಗ 600 ಪಿಕ್ಸೆಲ್. ಅಗಲವನ್ನು 1,200ಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಕೆಲವು ನೂರು ಕಿಲೋಬೈಟಿನೊಳಗೆ ಬರುತ್ತದೆ, ಬಾಟಲಿಯೊಳಗಿನ ಮಿಡಿಯ ತೊಟ್ಟೂ ಸ್ಪಷ್ಟವಾಗಿಯೇ ಕಾಣುತ್ತದೆ.

ಇವುಗಳಲ್ಲಿ ಯಾವುದನ್ನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅದೇ ನಾಲ್ಕು ಪುಟಗಳನ್ನು ಮತ್ತೆ ಅಳೆಯಬೇಕು. ಒಂದೇ ದಿನ ಐದು ಬದಲಾವಣೆ ಮಾಡಿದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಎರಡು ಕ್ಯಾಶ್ ಪ್ಲಗಿನ್‌ಗಳನ್ನು ಒಟ್ಟಿಗೆ ಹಾಕುವುದಂತೂ ಬೇಡ. ಅವು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತವೆ.

ಹೋಸ್ಟಿಂಗ್ ಸಂಸ್ಥೆಗೆ ಬರೆಯುವಾಗ, ಮನೆ ಬದಲಾಯಿಸುವಾಗ

ನಿಮ್ಮ ಖಾತೆಯ ಯಾವ ಮಿತಿಯೂ ತಾಗದೆ, ಪ್ಲಗಿನ್‌ಗಳೂ ಹಗುರವಾಗಿದ್ದು, ಆದರೂ ಸಂಜೆಯ ಹೊತ್ತು ಎಲ್ಲವೂ ತಡವಾಗುತ್ತಿದ್ದರೆ ಸರ್ವರ್‌ನ ಮೇಲೆಯೇ ಹೊರೆ ಹೆಚ್ಚಿರಬಹುದು. ಆಗ 'ಸೈಟ್ ನಿಧಾನವಾಗಿದೆ, ಸರಿಪಡಿಸಿ' ಎಂದು ಬರೆದರೆ ಸಿದ್ಧ ಉತ್ತರವೇ ಬರುತ್ತದೆ. ಯಾವ ದಿನ, ಯಾವ ಗಂಟೆಗೆ, ಯಾವ ಪುಟಕ್ಕೆ ಎಷ್ಟು ಸೆಕೆಂಡು ಕಾಯಬೇಕಾಯಿತು ಎಂಬ ವಿವರದ ಜೊತೆ ರಿಸೋರ್ಸ್ ಯೂಸೇಜ್ ಗ್ರಾಫಿನ ಚಿತ್ರವನ್ನೂ ಲಗತ್ತಿಸಿ, ನನ್ನ ಖಾತೆಯ ಮಿತಿಗಳೆಷ್ಟು, ಆ ಹೊತ್ತಿನಲ್ಲಿ ಸರ್ವರ್ ಮತ್ತು ಡೇಟಾಬೇಸಿನ ಮೇಲೆ ಎಷ್ಟು ಹೊರೆಯಿತ್ತು, ಬೇರೆ ಸರ್ವರ್‌ಗೆ ಸ್ಥಳಾಂತರಿಸಬಹುದೇ ಎಂದು ಕೇಳಿದರೆ ಪತ್ರ ತಿಳಿದವರ ಮೇಜಿಗೆ ಹೋಗುತ್ತದೆ.

ಎಲ್ಲವನ್ನೂ ಹಗುರ ಮಾಡಿದ ಮೇಲೆಯೂ ಸಿಪಿಯು ಮಿತಿ ದಿನವೂ ತಾಗುತ್ತಿದ್ದರೆ ಅಂಗಡಿ ಆ ಪ್ಲಾನ್‌ಗಿಂತ ದೊಡ್ಡದಾಗಿ ಬೆಳೆದಿದೆ ಎಂದೇ ಅರ್ಥ. ಮುಂದಿನ ಮೆಟ್ಟಿಲು ಹೆಚ್ಚಿನ ಮಿತಿಯ ಪ್ಲಾನ್, ಇಲ್ಲವೇ ವಿಪಿಎಸ್, ಅಂದರೆ ಸರ್ವರ್‌ನ ಒಂದು ಭಾಗವನ್ನು ನಿಮಗೇ ಬೇರ್ಪಡಿಸಿ ಕೊಡುವ ವ್ಯವಸ್ಥೆ. ವಿಪಿಎಸ್‌ನಲ್ಲಿ ಸುರಕ್ಷತೆಯ ಅಪ್‌ಡೇಟ್, ಬ್ಯಾಕಪ್, ಇಮೇಲ್ ಇವೆಲ್ಲ ನಿಮ್ಮ ಜವಾಬ್ದಾರಿಯಾಗುತ್ತವೆ. ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ 'ಮ್ಯಾನೇಜ್ಡ್' ಎಂದು ಸ್ಪಷ್ಟವಾಗಿ ಹೇಳಿರುವ ಪ್ಲಾನನ್ನೇ ಆರಿಸಬೇಕು.

ಸ್ಥಳಾಂತರಕ್ಕೆ ಹಂಗಾಮು ಮುಗಿದ ಮೇಲಿನ, ಆರ್ಡರ್ ಕಡಿಮೆಯಿರುವ ವಾರವನ್ನು ಆರಿಸಿಕೊಳ್ಳಿ. ಒಂದೆರಡು ದಿನ ಮೊದಲೇ ಅಂಗಡಿಯ ಹೆಸರಿಗೆ ಸೇರಿದ ಸರ್ವರ್ ಯಾವುದೆಂದು ಹೇಳುವ ಡಿಎನ್‌ಎಸ್‌ನ ಟಿಟಿಎಲ್ ಅವಧಿಯನ್ನು, ಅಂದರೆ ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಕಾಲವನ್ನು, ಐದು ನಿಮಿಷಕ್ಕೆ ಇಳಿಸಿದರೆ ಹೊಸ ಸರ್ವರ್‌ನ ವಿಳಾಸ ಬೇಗ ಹರಡುತ್ತದೆ. ಡೇಟಾಬೇಸಿನ ಕೊನೆಯ ಪ್ರತಿ ತೆಗೆಯುವಾಗ ಹಳೆಯ ಅಂಗಡಿಯಲ್ಲಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಆ ನಡುವೆ ಬಂದ ಆರ್ಡರ್‌ಗಳು ಹಳೆಯ ಸರ್ವರ್‌ನಲ್ಲಿಯೇ ಉಳಿದು, ಹಣ ಕೊಟ್ಟ ಗ್ರಾಹಕರಿಗೆ ಸರಕು ಹೋಗದಂತಾಗುತ್ತದೆ. ಹೊಸ ಕಡೆ ಸಣ್ಣ ಮೊತ್ತದ ಆರ್ಡರ್ ಒಂದನ್ನು ನೀವೇ ಯುಪಿಐ ಮೂಲಕ ಪಾವತಿಸಿ, ಆರ್ಡರ್ ದಾಖಲಾಗಿ ಇಮೇಲ್ ಬಂದಿತೇ ಎಂದು ನೋಡಿ, ಆಮೇಲೆ ಬಾಗಿಲು ತೆರೆಯಿರಿ. ಹಳೆಯ ಹೋಸ್ಟಿಂಗನ್ನು ಆ ದಿನವೇ ರದ್ದು ಮಾಡದೆ ಇನ್ನೊಂದು ತಿಂಗಳು ಇಟ್ಟುಕೊಂಡರೆ ಬಿಟ್ಟುಹೋದ ಕಡತ ಅಥವಾ ಇಮೇಲ್‌ಗಳನ್ನು ಅಲ್ಲಿಂದ ತೆಗೆದುಕೊಳ್ಳಬಹುದು.